ಡಾಗ್‌ವುಡ್: ಎಲೆಯೇ ಹೂವಾಗಿ ಕಾಣುವ ಮರ

ಮಾನ್ಯರೇ,

ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ಏಪ್ರಿಲ್ ಹೊತ್ತಿಗೆ, ಎತ್ತರದ ಓಕ್ ಮರಗಳು ಇನ್ನೂ ಪೂರ್ತಿ ಚಿಗುರದಿರುವಾಗಲೇ, ಅವುಗಳ ಅಡಿಯಲ್ಲಿ ಬೆಳ್ಳಗೆ ಅರಳಿ ನಿಲ್ಲುವ ಒಂದು ಗಿಡ್ಡ ಮರವಿದೆ. ಅದರ ಹೆಸರು ಡಾಗ್‌ವುಡ್. ಶಾಸ್ತ್ರೀಯವಾಗಿ ಕಾರ್ನಸ್ ಫ್ಲೋರಿಡಾ. ಇಲ್ಲಿನ ಫ್ಲೋರಿಡಾ ಆ ರಾಜ್ಯದ ಹೆಸರಲ್ಲ, ಹೂತುಂಬಿದ್ದು ಎಂಬರ್ಥದ ಲ್ಯಾಟಿನ್ ವಿಶೇಷಣ. ಕಾರ್ನಸ್ ಎಂಬುದು ಕೊಂಬಿಗೆ ಸಂಬಂಧಿಸಿದ ಪದ. ಕೊಂಬಿನಂತೆ ಗಟ್ಟಿಯಾದ, ಸವೆದಷ್ಟೂ ನುಣುಪಾಗುವ ಈ ಮರದಿಂದ ಹಿಂದೆ ಮಗ್ಗದ ಲಾಳಿಗಳನ್ನು ಮಾಡುತ್ತಿದ್ದರು.

ಹೂತುಂಬಿದ್ದು ಎಂದೆನಾದರೂ ನಾವು ನೋಡುವ ಆ ನಾಲ್ಕು ಬಿಳಿ ಎಸಳುಗಳು ಹೂವಿನ ದಳಗಳೇ ಅಲ್ಲ. ನಮ್ಮ ಕಾಂಪೌಂಡುಗಳ ಮೇಲೆ ಹಬ್ಬುವ ಕಾಗದದ ಹೂವಿನಲ್ಲಿ ಬಣ್ಣ ತಳೆದಿರುವುದು ಮಾರ್ಪಟ್ಟ ಎಲೆಗಳೇ ಹೇಗೋ, ಇಲ್ಲಿಯೂ ಹಾಗೆಯೇ. ಚಳಿಗಾಲವಿಡೀ ರೆಂಬೆಯ ತುದಿಯಲ್ಲಿ ಅಂಗಿಯ ಗುಂಡಿಯಂಥ ಮೊಗ್ಗೊಂದು ಕುಳಿತಿರುತ್ತದೆ. ಅದನ್ನು ಮುಚ್ಚಿ ಕಾಪಾಡಿದ ನಾಲ್ಕು ಸಿಪ್ಪೆಗಳೇ ವಸಂತದಲ್ಲಿ ಬುಡದಿಂದ ಬೆಳೆದು, ಅಗಲವಾಗಿ ಬೆಳ್ಳಗಾಗುತ್ತವೆ. ಚಳಿಗಾಲವನ್ನು ಕಂಡ ಹಳೆಯ ತುದಿ ಮಾತ್ರ ಬೆಳೆಯದೆ, ಪ್ರತಿ ಎಸಳಿನ ಅಂಚಿನಲ್ಲಿ ಕಂದು ಬಣ್ಣದ ಕಚ್ಚಾಗಿ ಉಳಿಯುತ್ತದೆ. ನಿಜವಾದ ಹೂಗಳು ನಡುವಿನ ಹಸಿರು ಮಿಶ್ರಿತ ಹಳದಿ ಗೊಂಚಲಿನಲ್ಲಿ, ಸಾಸಿವೆಗಿಂತ ತುಸು ದೊಡ್ಡದಾಗಿ, ಯಾರ ಕಣ್ಣಿಗೂ ಬೀಳದಂತೆ ಇರುತ್ತವೆ. 1918ರಲ್ಲಿ ವರ್ಜೀನಿಯಾ ಇದನ್ನು ರಾಜ್ಯಪುಷ್ಪವೆಂದು ಘೋಷಿಸಿತು. ಆ ಗೌರವದ ಬಹುಪಾಲು ಎಲೆಗಳಿಗೇ ಸಂದಿತೆಂದು ನನಗನ್ನಿಸುತ್ತದೆ.

ಹೂವಿಲ್ಲದ ಕಾಲದಲ್ಲಿ ಮರವನ್ನು ಗುರುತಿಸಲು ಒಂದು ಎಲೆಯನ್ನು ಅಡ್ಡಲಾಗಿ ಮೆಲ್ಲನೆ ಹರಿದು ನೋಡಬೇಕು. ತಾವರೆಯ ದಂಟನ್ನು ಮುರಿದಾಗ ಬಿಸತಂತು ಎಳೆಯಾಗಿ ಬರುವಂತೆ, ಎಲೆಯ ನರಗಳಿಂದ ನವಿರಾದ ಬಿಳಿ ದಾರಗಳು ಹೊರಬಂದು, ಕೆಳಗಿನ ತುಂಡು ಬೀಳದೆ ಗಾಳಿಯಲ್ಲಿ ತೂಗಾಡುತ್ತದೆ.

1912ರಲ್ಲಿ ಟೋಕಿಯೊ ನಗರವು ವಾಷಿಂಗ್ಟನ್‌ಗೆ 3,020 ಚೆರಿ ಸಸಿಗಳನ್ನು ಕಳುಹಿಸಿತು. ಅದಕ್ಕೆ ಪ್ರತಿಯಾಗಿ 1915ರಲ್ಲಿ ಅಮೆರಿಕ ಕಳುಹಿಸಿದ್ದು ಈ ಡಾಗ್‌ವುಡ್ ಸಸಿಗಳನ್ನು. ಜಪಾನಿನಲ್ಲಿ ಇದು ಹನಾಮಿಜುಕಿ ಎಂಬ ಹೆಸರಿನಿಂದ ಮನೆಮಾತಾಗಿದೆ.

ತವರಿನಲ್ಲಿ ಮಾತ್ರ 1970ರ ದಶಕದ ಕೊನೆಯಲ್ಲಿ ಇದಕ್ಕೆ ಕೇಡು ಬಂತು. ಡಿಸ್ಕುಲಾ ಡಿಸ್ಟ್ರಕ್ಟೀವಾ ಎಂಬ ಶಿಲೀಂಧ್ರದಿಂದ ಬರುವ ಈ ರೋಗವು, ನಮ್ಮ ಮಾವಿನ ಬೆಳೆಗಾರರು ಚಿಬ್ಬುರೋಗ ಎನ್ನುವ ಬಗೆಯದು: ಎಲೆಯಲ್ಲಿ ನೇರಳೆ ಅಂಚಿನ ಚುಕ್ಕೆಗಳಾಗಿ ಆರಂಭವಾಗಿ, ಕೆಳಗಿನ ರೆಂಬೆಗಳನ್ನು ಒಣಗಿಸುತ್ತ ಕಾಂಡಕ್ಕಿಳಿಯುತ್ತದೆ. ನೆರಳು ಮತ್ತು ತೇವ ಹೆಚ್ಚಿದ ಬೆಟ್ಟಗಳಲ್ಲಿ ಸಾವು ಹೆಚ್ಚು. ಪೂರ್ವ ಏಷ್ಯಾದ ಸೋದರ ಜಾತಿಯಾದ ಕಾರ್ನಸ್ ಕೌಸಾ ಈ ರೋಗವನ್ನು ಬಹುಮಟ್ಟಿಗೆ ತಡೆದುಕೊಳ್ಳುವುದರಿಂದ, ಶಿಲೀಂಧ್ರವೂ ಅಲ್ಲಿಂದಲೇ ಬಂದಿರಬಹುದೆಂಬ ಶಂಕೆಯಿದೆ. ಮೇರಿಲ್ಯಾಂಡಿನ ಕಟಾಕ್ಟಿನ್ ಬೆಟ್ಟದಲ್ಲಿ ಸುತ್ತಲಿನ ಡಾಗ್‌ವುಡ್‌ಗಳು ಸಾಯುತ್ತಿದ್ದಾಗ ಒಂದು ಮರ ಮಾತ್ರ ಆರೋಗ್ಯವಾಗಿ ನಿಂತಿತ್ತು. ಅದರಿಂದ ಟೆನೆಸಿ ವಿಶ್ವವಿದ್ಯಾಲಯದವರು ಬೆಳೆಸಿದ ತಳಿಯೇ ಇಂದು ನರ್ಸರಿಗಳಲ್ಲಿ ಅಪಲಾಚಿಯನ್ ಸ್ಪ್ರಿಂಗ್ ಎಂಬ ಹೆಸರಿನಲ್ಲಿ ಸಿಗುತ್ತಿದೆ.