ಒಂದು ಕಿಲೋಮೀಟರಿಗೆ ಎಷ್ಟು ಸೆಕೆಂಡು?

ಬೆಳಗ್ಗಿನ ಪ್ಯಾಸೆಂಜರ್ ಗಾಡಿ ಕಾಸರಗೋಡು ಬಿಟ್ಟು ಕುಂಬಳೆ ಕಡೆಗೆ ಹೊರಟಿದೆ. ಕಿಟಕಿ ಬದಿ ಸಿಕ್ಕಿತು. ಹಳಿಯ ಪಕ್ಕದ ಕರೆಂಟು ಕಂಬಗಳನ್ನು ನೋಡಿ, ಒಂದೊಂದರ ಮೇಲೂ ಕಿಲೋಮೀಟರಿನ ಸಂಖ್ಯೆ ಉಂಟು. ಅದು ಬದಲಾದ ಕೂಡಲೇ ಸ್ಟಾಪ್‌ವಾಚ್ ಒತ್ತಬೇಕು, ಮತ್ತೆ ಬದಲಾದಾಗ ನಿಲ್ಲಿಸಬೇಕು. 3600ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಾಡಿಯ ವೇಗ, ಗಂಟೆಗೆ ಎಷ್ಟು ಕಿ.ಮೀ. ಎಂದು, ಸಿಗುತ್ತದೆ.

ಕಲಿಸಿದ್ದು ಅಪ್ಪ. ಮಂಗಳೂರಿಗೆ ಹೋಗುವಾಗೆಲ್ಲ ಕೈಗಡಿಯಾರ ಬಿಚ್ಚಿ ಕೊಟ್ಟು, "ಕಿಲೋಮೀಟರ್ ಕಲ್ಲು ನೋಡು ಮಗಾ, ಎಷ್ಟು ಸ್ಪೀಡು ಉಂಟು ಹೇಳುವಾ" ಎನ್ನುತ್ತಿದ್ದರು. ಭಾಗಾಕಾರ ನನ್ನ ಕೈಗೆ ಹತ್ತಿದ್ದು ಶಿರಿಯ ಹೊಳೆಯ ಸೇತುವೆ ಮೇಲೆ. ಇವತ್ತು ರೈಲಿನ ವೇಗದ ದಾಖಲೆಗಳನ್ನೆಲ್ಲ ಅಪ್ಪನ ಅಳತೆಯಲ್ಲೇ ಹೇಳುತ್ತೇನೆ.

1829, ಇಂಗ್ಲೆಂಡಿನ ರೈನ್‌ಹಿಲ್. ಸ್ಟೀಫನ್‌ಸನ್‌ರ 'ರಾಕೆಟ್' ಗಂಟೆಗೆ ಸುಮಾರು 48 ಕಿ.ಮೀ. ಓಡಿತು. ಕಿಲೋಮೀಟರಿಗೆ 75 ಸೆಕೆಂಡು. ಮರುವರ್ಷ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗದ ಉದ್ಘಾಟನೆಯ ದಿನವೇ ಸಂಸದ ವಿಲಿಯಂ ಹಸ್ಕಿಸನ್ ಇದೇ ರಾಕೆಟ್ಟಿನ ಅಡಿಗೆ ಬಿದ್ದರು. ಅವರನ್ನು ಉಳಿಸಬೇಕೆಂದು ಜಾರ್ಜ್ ಸ್ಟೀಫನ್‌ಸನ್ ಇನ್ನೊಂದು ಎಂಜಿನನ್ನು ಸ್ವತಃ ಓಡಿಸಿದರು, ಗಂಟೆಗೆ ಸುಮಾರು 58 ಕಿ.ಮೀ. ಜೀವ ಉಳಿಯಲಿಲ್ಲ. ಆ ಓಟ ನೆನೆದಾಗೆಲ್ಲ ನನ್ನ ಎದೆ ಭಾರವಾಗುತ್ತದೆ.

1903ರ ಅಕ್ಟೋಬರ್. ಬರ್ಲಿನ್ ಪಕ್ಕ ಒಂದು ವಿದ್ಯುತ್ ಬೋಗಿ 210 ಕಿ.ಮೀ. ಮುಟ್ಟಿತು, 17 ಸೆಕೆಂಡು! ಮಂಗಳೂರಿಗೆ ರೈಲೇ ಬಂದಿರಲಿಲ್ಲ ಮಾರಾಯ್ರೇ, ಅದು ಬಂದದ್ದು 1907ರಲ್ಲಿ.

ಉಗಿಬಂಡಿಗಳದ್ದು ಬೇರೆ ಪಂದ್ಯ. 1936ರಲ್ಲಿ ಜರ್ಮನರು 200 ದಾಟಿಸಿದರು. 1938ರ ಜುಲೈ 3ರಂದು ಬ್ರಿಟನ್ನಿನ 'ಮಲ್ಲಾರ್ಡ್' ಇಳಿಜಾರಿನಲ್ಲಿ 202.8 ಮುಟ್ಟಿತು. ಬೇರಿಂಗ್ ಕಾದು ಹೋಗಿ ಲಂಡನ್ ತನಕ ಬರಲಾಗದೆ ಅರ್ಧದಾರಿಯಲ್ಲೇ ಉಳಿಯಿತು. ಆ ಉಗಿ ದಾಖಲೆ ಇಂದಿಗೂ ಅದರದ್ದೇ.

ಈಗ 1955, ಫ್ರಾನ್ಸ್. ಮಾರ್ಚ್ 28 ಮತ್ತು 29ರ ಓಟಗಳು, ಮೂರು ಬೋಗಿ ಕಟ್ಟಿಕೊಂಡ ವಿದ್ಯುತ್ ಎಂಜಿನು, 331 ಕಿ.ಮೀ. ಕಿಲೋಮೀಟರಿಗೆ ಹನ್ನೊಂದೇ ಸೆಕೆಂಡು. ತಂತಿಯಿಂದ ಕರೆಂಟು ಎಳೆಯುವ ಪ್ಯಾಂಟೋಗ್ರಾಫ್ ಕರಗಿತು. ಗಾಡಿ ಹಾದು ಹೋದ ಮೇಲೆ ನೋಡಿದರೆ ಹಳಿ ಹಾವಿನಂತೆ ಸೊಟ್ಟಗಾಗಿತ್ತು. ಎಂಜಿನಿಗೆ ಇನ್ನೂ ಕಸುವಿತ್ತು, ಕೆಳಗಿನ ಜಲ್ಲಿಗೆ ಆ ಹೊಡೆತ ತಡೆಯಲಾಗಲಿಲ್ಲ. ಆ ಸೊಟ್ಟ ಹಳಿಯ ಫೋಟೋ ನೋಡಿದ ಮೇಲೆ ಬಿಸಿಲಲ್ಲಿ ಜಲ್ಲಿ ಬಡಿಯುವ ಗ್ಯಾಂಗ್‌ಮನ್‌ಗಳನ್ನು ಕಂಡರೆ ನನಗೆ ಕೈ ಮುಗಿಯಬೇಕೆನಿಸುತ್ತದೆ.

ಜಪಾನಿನವರು ಅಲ್ಲಿಂದಲೇ ಶುರು ಮಾಡಿದರು, ಹಳಿಯಿಂದ. 1964ರ ಅಕ್ಟೋಬರ್ 1ರಂದು ಟೋಕಿಯೊ–ಒಸಾಕಾ ನಡುವೆ ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲು ಹೊರಟಿತು. ಅಗಲ ಹಳಿಯ ಹೊಸ ಮಾರ್ಗ, ಎರಡೂವರೆ ಸಾವಿರ ಮೀಟರ್ ತ್ರಿಜ್ಯದ ತಿರುವುಗಳು, ಸಿಗ್ನಲ್ ಚಾಲಕನ ಕ್ಯಾಬಿನ್ನಿನ ಒಳಗೇ. ಇಡೀ ದಾರಿಯಲ್ಲಿ ಒಂದೇ ಒಂದು ಗೇಟಿಲ್ಲ. ವೇಗ 210 ಕಿ.ಮೀ. ಅದೇ ಹದಿನೇಳು ಸೆಕೆಂಡು, 1903ರದ್ದೇ ಲೆಕ್ಕ. ಆದರೆ ಈ ಸಲ ಒಳಗೆ ಕೂತದ್ದು ಟಿಕೆಟ್ ಕೊಂಡ ಜನ, ಅದೂ ದಿನಾಲೂ. ಹಳಿ ತಪ್ಪಿಯೋ ಡಿಕ್ಕಿಯಾಗಿಯೋ ಅದರಲ್ಲಿ ಇವತ್ತಿನವರೆಗೆ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ದೊಡ್ಡ ದಾಖಲೆ ಇದು.

ಆಮೇಲಿನ ಅಂಕಿಗಳನ್ನು ಬೇಗ ಹೇಳಿಬಿಡುತ್ತೇನೆ. 2007ರಲ್ಲಿ ಫ್ರಾನ್ಸಿನ ಅತಿವೇಗದ ರೈಲು ಟಿಜಿವಿ 574.8. ದೊಡ್ಡ ಚಕ್ರ ಹಾಕಿ, ತಂತಿಯ ವೋಲ್ಟೇಜ್ ಏರಿಸಿ ಓಡಿಸಿದ್ದು. ಅದೇ ಮಾರ್ಗದಲ್ಲಿ ಜನ ಹೋಗುವುದು 320ರಲ್ಲಿ. 2015ರ ಏಪ್ರಿಲ್ 21ರಂದು ಜಪಾನಿನ ಮ್ಯಾಗ್ಲೆವ್ 603. ಅಯಸ್ಕಾಂತದ ಬಲದಿಂದ ಸುಮಾರು 10 ಸೆಂಟಿಮೀಟರ್ ತೇಲಿಕೊಂಡು ಹೋಗುವ ಗಾಡಿ. ಕಿಲೋಮೀಟರಿಗೆ ಆರು ಸೆಕೆಂಡಿಗೂ ಕಡಿಮೆ, ನಾನು ಗುಂಡಿ ಒತ್ತುವುದರೊಳಗೆ ಅರ್ಧ ಮುಗಿದಿರುತ್ತದೆ.

ಅಗೋ, ಎದುರಿನಿಂದ ವಂದೇ ಭಾರತ್ ಹೋಯಿತು! 2018ರಲ್ಲಿ ರಾಜಸ್ಥಾನದ ಕೋಟಾ ಕಡೆ ಪರೀಕ್ಷೆಗೆ ಓಡಿಸಿದಾಗ ಈ ಬಗೆಯ ಗಾಡಿ 180 ಮುಟ್ಟಿತ್ತು, 20 ಸೆಕೆಂಡು. ನಮ್ಮ ತಿರುವುಗಳಲ್ಲಿ ಅಷ್ಟು ಓಡಲು ಸಾಧ್ಯವಿಲ್ಲ.

ನೇತ್ರಾವತಿ ಸೇತುವೆ ಬಂತು, ಗಾಡಿ ನಿಧಾನವಾಗಿದೆ. ಅಪ್ಪನಿಗೆ ಫೋನ್ ಮಾಡಿದೆ. ಮಂಗಳೂರು ಮುಟ್ಟಿದೆಯಾ ಎಂದು ಕೇಳಲಿಲ್ಲ ಅವರು.

"ಎಷ್ಟು ಬಂತು?"

"ಉಪ್ಪಳ ದಾಟಿದ ಮೇಲೆ ನಲವತ್ತೊಂದು ಸೆಕೆಂಡು, ಅಪ್ಪಾ."

ನಾನು ಕ್ಯಾಲ್ಕುಲೇಟರ್ ತೆರೆಯುವ ಮೊದಲೇ ಆಚೆಯಿಂದ ಉತ್ತರ ಬಂತು: "ಎಂಬತ್ತೆಂಟು."