ಮೆಂಫಿಸ್‌ನ ಇಳಿಜಾರು ನೆಲ, ಮಾವನ ಕ್ಯಾಸೆಟ್

ಈಗ ನಿಮಗೆ ಕಾಣುತ್ತಿರುವುದು ನನ್ನ ಕಾಲು. ಸರಿಯಾಗಿ ನೋಡಿ, ಬಲಗಾಲು ಎಡಗಾಲಿಗಿಂತ ಸ್ವಲ್ಪ ತಗ್ಗಿನಲ್ಲಿದೆ. ನಾನು ಕ್ಯಾಮೆರಾ ಓರೆ ಹಿಡಿದಿಲ್ಲ. ನೆಲವೇ ಇಳಿಜಾರು.

ಇದು ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್. ರಸ್ತೆಯ ಹೆಸರು ಈಸ್ಟ್ ಮೆಕ್‌ಲೆಮೋರ್ ಅವೆನ್ಯೂ. ನಾನಿರುವುದು ಸ್ಟ್ಯಾಕ್ಸ್ ಮ್ಯೂಸಿಯಂ ಒಳಗೆ, ಸ್ಟುಡಿಯೋ ಎ ಎನ್ನುವ ಕೋಣೆಯಲ್ಲಿ. ಕೆಲಸದ ಮೇಲೆ ನ್ಯಾಶ್‌ವಿಲ್‌ಗೆ ಬಂದಿದ್ದೆ. ಅಲ್ಲಿಂದ ಇಲ್ಲಿಗೆ ಕಾರಿನಲ್ಲಿ ಮೂರು ಗಂಟೆ ದಾರಿ. ಶನಿವಾರ ಬಿಡುವಿತ್ತು, ಬೆಳಗ್ಗೆ ಬೇಗ ಎದ್ದು ಹೊರಟುಬಿಟ್ಟೆ. ಇಷ್ಟು ದೂರ ಬಂದಿದ್ದು ಒಂದೇ ಒಂದು ಆಲ್ಬಂಗಾಗಿ. 1965ರ 'ಓಟಿಸ್ ಬ್ಲೂ'. ಹಾಡಿದವರು ಅಮೆರಿಕದ ಕಪ್ಪು ಗಾಯಕ ಓಟಿಸ್ ರೆಡಿಂಗ್.

ಈ ಆಲ್ಬಂ ನನಗೆ ಸಿಕ್ಕಿದ್ದು ಮಾವನಿಂದ. ಅಮ್ಮನ ತಮ್ಮ. ಬೇಸಿಗೆ ರಜೆ ಬಂದರೆ ನಾವು ಮೈಸೂರಿನ ಅಜ್ಜಿ ಮನೆಗೆ ಹೋಗುತ್ತಿದ್ದೆವು. ಮಾವನ ಕೋಣೆಯ ಕಿಟಕಿಯಲ್ಲಿ ಟೇಪ್ ರೆಕಾರ್ಡರ್, ಪಕ್ಕದಲ್ಲಿ ಕ್ಯಾಸೆಟ್ ತುಂಬಿದ ಒಂದು ಶೂ ಡಬ್ಬಿ. ಅದರಲ್ಲೊಂದು ಅರವತ್ತು ನಿಮಿಷದ ಕ್ಯಾಸೆಟ್ ಮೇಲೆ ನೀಲಿ ಇಂಕಿನಲ್ಲಿ 'ಓಟಿಸ್' ಎಂದು ಕನ್ನಡದಲ್ಲಿ ಬರೆದಿತ್ತು. ಕಾಲೇಜಿನಲ್ಲಿದ್ದಾಗ ಗೆಳೆಯನ ಎಲ್‌ಪಿಯನ್ನು ಒಂದು ರಾತ್ರಿಗೆ ಕಡ ತಂದು ಮಾವ ಅದನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಆಲ್ಬಂ ಅರ್ಧ ಗಂಟೆಗಿಂತ ಒಂದೆರಡು ನಿಮಿಷ ಜಾಸ್ತಿ ಇದೆ. ಕ್ಯಾಸೆಟ್‌ನ ಒಂದು ಬದಿ ಹಿಡಿಯುವುದು ಅರ್ಧ ಗಂಟೆ ಮಾತ್ರ. ಇನ್ನೊಂದು ಬದಿಯಲ್ಲಿ ಆಗಲೇ ಪಿ.ಬಿ. ಶ್ರೀನಿವಾಸ್ ಇದ್ದರು, ಅವರನ್ನು ಅಳಿಸಲು ಮಾವನಿಗೆ ಮನಸ್ಸು ಬರಲಿಲ್ಲ. ಹಾಗಾಗಿ ಕೊನೆಯ ಹಾಡು ಅರ್ಧದಲ್ಲೇ ಟಕ್ ಎಂದು ನಿಂತುಹೋಗುತ್ತಿತ್ತು.

ಮಾವನಿಗೆ ಇಂಗ್ಲಿಷ್ ಸಾಲುಗಳು ಪೂರ್ತಿ ಗೊತ್ತಿರಲಿಲ್ಲ. ಗಡ್ಡ ಮಾಡಿಕೊಳ್ಳುವಾಗ, ಸ್ಕೂಟರ್ ಒರೆಸುವಾಗ ಅವರು ಗುನುಗುತ್ತಿದ್ದದ್ದು ಮಾತುಗಳನ್ನಲ್ಲ, ಹಿಂದೆ ಬರುವ ಟ್ರಂಪೆಟ್ ಮತ್ತು ಸ್ಯಾಕ್ಸೊಫೋನನ್ನು. ಪಾಂ ಪಪ್ಪಾಂ, ಪಾಂ ಪಪ್ಪಾಂ. ನಾನೂ ಹಾಗೇ ಕಲಿತೆ. ಓಟಿಸ್ ಏನು ಹಾಡುತ್ತಿದ್ದಾರೆ ಎಂದು ತಿಳಿಯುವ ಎಷ್ಟೋ ವರ್ಷ ಮೊದಲೇ ಟ್ರಂಪೆಟ್ ಎಲ್ಲಿ ಬರುತ್ತದೆ ಎನ್ನುವುದು ನನಗೆ ಬಾಯಿಪಾಠ ಆಗಿತ್ತು.

ಈಗ ಈ ನೆಲದ ಕಥೆ ಹೇಳುತ್ತೇನೆ.

ಇಲ್ಲಿ ಮೊದಲು ಕ್ಯಾಪಿಟಲ್ ಥಿಯೇಟರ್ ಎಂಬ ಸಿನಿಮಾ ಟಾಕೀಸ್ ಇತ್ತು. ನಮ್ಮೂರಿನ ಟಾಕೀಸುಗಳ ಹಾಗೇ, ಹಿಂದೆ ಎತ್ತರ, ಮುಂದೆ ಗಾಂಧಿ ಕ್ಲಾಸ್ ಕಡೆ ತಗ್ಗು. 1960ರಲ್ಲಿ ಅಕ್ಕ ತಮ್ಮ ಇಬ್ಬರು ಇದನ್ನು ಬಾಡಿಗೆಗೆ ಹಿಡಿದರು. ತಮ್ಮ ಜಿಮ್ ಸ್ಟೀವರ್ಟ್ ಬ್ಯಾಂಕ್ ನೌಕರ, ಬಿಡುವಿನಲ್ಲಿ ಪಿಟೀಲು ನುಡಿಸುತ್ತಿದ್ದರು. ಅಕ್ಕ ಎಸ್ಟೆಲ್ ಆಕ್ಸ್‌ಟನ್. ರೆಕಾರ್ಡಿಂಗ್ ಮೆಷಿನ್ ಕೊಳ್ಳಲು ಎಸ್ಟೆಲ್ ತಮ್ಮ ಸ್ವಂತ ಮನೆಯನ್ನೇ ಅಡವಿಟ್ಟಿದ್ದರು. ಸ್ಟೀವರ್ಟ್‌ನ ಮೊದಲ ತುಂಡು, ಆಕ್ಸ್‌ಟನ್‌ನ ಮೊದಲ ತುಂಡು ಸೇರಿಸಿ ತಮ್ಮ ರೆಕಾರ್ಡ್ ಕಂಪನಿಗೆ ಸ್ಟ್ಯಾಕ್ಸ್ ಎಂದು ಹೆಸರಿಟ್ಟರು.

ಕುರ್ಚಿಗಳನ್ನೆಲ್ಲ ಕಿತ್ತರು. ನೆಲ ಮಟ್ಟ ಮಾಡಿಸಲು ದುಡ್ಡಿರಲಿಲ್ಲ, ಹಾಗೇ ಬಿಟ್ಟರು. ಸಿನಿಮಾ ಪರದೆ ಇದ್ದ ವೇದಿಕೆ ಮೇಲೆ ಕಂಟ್ರೋಲ್ ರೂಮ್ ಮಾಡಿದರು. ದನಿ ಜಾಸ್ತಿ ಗುಂಯ್‌ಗುಡದ ಹಾಗೆ ದಪ್ಪ ಬಟ್ಟೆ ಇಳಿಬಿಟ್ಟರು. ಮುಂದೆ ತಿಂಡಿ ಮಾರುತ್ತಿದ್ದ ಜಾಗ ರೆಕಾರ್ಡ್ ಅಂಗಡಿ ಆಯಿತು. ಓಣಿಯ ಹುಡುಗರು ಅಲ್ಲಿಗೆ ಬಂದು ಹಾಡು ಕೇಳುತ್ತಾ ನಿಲ್ಲುತ್ತಿದ್ದರು. ಎಸ್ಟೆಲ್ ಆ ಹುಡುಗರನ್ನು ಓಡಿಸುತ್ತಿರಲಿಲ್ಲ. ಯಾವ ಹಾಡು ಇಷ್ಟ, ಯಾಕೆ ಇಷ್ಟ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಕೇಳಿದ್ದು ಒಳಗಿನ ಸ್ಟುಡಿಯೋಗೆ ದಾರಿ ತೋರಿಸುತ್ತಿತ್ತು.

ಒಂದು ಮಾತು ಹೇಳಲೇಬೇಕು. ಇದು ಅಸಲಿ ನೆಲವಲ್ಲ. ಕಂಪನಿ 1975ರಲ್ಲಿ ದಿವಾಳಿ ಆಯಿತು, 1989ರಲ್ಲಿ ಕಟ್ಟಡವನ್ನೇ ಕೆಡವಿದರು. ಅದೇ ಜಾಗದಲ್ಲಿ ಮತ್ತೆ ಕಟ್ಟಿ 2003ರಲ್ಲಿ ಮ್ಯೂಸಿಯಂ ತೆರೆದರು. ಆಗ ಇಳಿಜಾರನ್ನೂ ಬಿಡಲಿಲ್ಲ. ಹಿಂದೆ ದುಡ್ಡಿಲ್ಲದೆ ಉಳಿದುಕೊಂಡ ಓರೆ ನೆಲವನ್ನು ಈ ಸಲ ದುಡ್ಡು ಕೊಟ್ಟು ಕಟ್ಟಿಸಿದ್ದಾರೆ. ಅದನ್ನು ಓದಿದಾಗ ನನಗೆ ಕಣ್ಣು ತುಂಬಿತು.

ಇಲ್ಲಿ ದಿನವೂ ಕೂತು ನುಡಿಸುತ್ತಿದ್ದವರು ಬೂಕರ್ ಟಿ. ಅಂಡ್ ದಿ ಎಂ.ಜಿ.ಸ್. ಕೀಬೋರ್ಡ್‌ಗೆ ಬೂಕರ್ ಟಿ. ಜೋನ್ಸ್, ಗಿಟಾರ್‌ಗೆ ಸ್ಟೀವ್ ಕ್ರಾಪರ್, ಬೇಸ್‌ಗೆ ಡಕ್ ಡನ್, ಡ್ರಮ್ಸ್‌ಗೆ ಆಲ್ ಜಾಕ್ಸನ್ ಜೂನಿಯರ್. ಇಬ್ಬರು ಕಪ್ಪು ಜನ, ಇಬ್ಬರು ಬಿಳಿ ಜನ. ಹೋಟೆಲ್, ಟಾಕೀಸುಗಳಲ್ಲಿ ಬೇರೆ ಬೇರೆ ಕೂರಿಸುವುದನ್ನು ಕಾನೂನು ನಿಲ್ಲಿಸಿದ್ದೇ 1964ರ ಜುಲೈನಲ್ಲಿ. ಅದಕ್ಕೆ ಎಷ್ಟೋ ಮೊದಲೇ ಕಪ್ಪು ಜನ, ಬಿಳಿ ಜನ ಈ ಇಳಿಜಾರಿನ ಮೇಲೆ ಮೊಣಕೈ ತಾಗುವಷ್ಟು ಹತ್ತಿರ ಕೂತು ನುಡಿಸುತ್ತಿದ್ದರು. ಕೆಲಸ ಮುಗಿಸಿ ಒಟ್ಟಿಗೆ ಹೋಗಲು ಅವರಿಗಿದ್ದ ಜಾಗ ಲೊರೇನ್ ಮೋಟೆಲ್. ಅಲ್ಲಿ ಕೂತು ಹಾಡು ಕಟ್ಟುತ್ತಿದ್ದರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದದ್ದು ಅದೇ ಮೋಟೆಲ್‌ನಲ್ಲಿ.

ಸ್ವಲ್ಪ ತಾಳದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಇದು ಕೇಳಿಸಿದ ಮೇಲೆ ಈ ಆಲ್ಬಂ ಬೇರೆಯೇ ಆಗುತ್ತದೆ. ನಾಲ್ಕು ಎಣಿಸಿ. ಎರಡಕ್ಕೂ ನಾಲ್ಕಕ್ಕೂ ಆಲ್ ಜಾಕ್ಸನ್ ಪೆಟ್ಟು ಬೀಳುತ್ತದೆ, ಆದರೆ ಒಂದು ಕೂದಲೆಳೆಯಷ್ಟು ತಡವಾಗಿ. 1965ರ ಮೇನಲ್ಲಿ ಇಲ್ಲೇ ಗಾಯಕ ವಿಲ್ಸನ್ ಪಿಕೆಟ್ ಅವರ ರೆಕಾರ್ಡಿಂಗ್ ನಡೆಯುತ್ತಿದ್ದಾಗ ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯ ಜೆರ್ರಿ ವೆಕ್ಸ್‌ಲರ್ ಕಂಟ್ರೋಲ್ ರೂಮಿನಿಂದ ಹೊರಗೆ ಬಂದು, ಜರ್ಕ್ ಎಂಬ ಹೊಸ ಕುಣಿತವನ್ನು ಕುಣಿದು ತೋರಿಸಿದರು. ಪೆಟ್ಟು ಇಲ್ಲಿ ಬೀಳಬೇಕು ಎಂದು. ಹಾಳೆಯಲ್ಲಿ ಬರೆಯಲಾಗದ್ದನ್ನು ಮೈಯಿಂದ ಹೇಳಿಕೊಟ್ಟರು. ಅದಾಗಿ ಎರಡೇ ತಿಂಗಳಿಗೆ ಓಟಿಸ್ ಈ ಕೋಣೆಗೆ ಬಂದರು.

ಓಟಿಸ್ ಇಲ್ಲಿಗೆ ಮೊದಲು ಬಂದಿದ್ದು 1962ರಲ್ಲಿ, ಕಾರಿನ ಡ್ರೈವರ್ ಆಗಿ. ಜಾನಿ ಜೆಂಕಿನ್ಸ್ ಎಂಬ ಗಿಟಾರ್ ವಾದಕರನ್ನು ಜಾರ್ಜಿಯಾದ ಮೇಕನ್ ಊರಿನಿಂದ ಕರೆತಂದಿದ್ದರು. ಕೊನೆಯಲ್ಲಿ ಸ್ವಲ್ಪ ಹೊತ್ತು ಉಳಿಯಿತು. ಆಗ ಓಟಿಸ್‌ಗೆ ಹಾಡಲು ಬಿಟ್ಟರು. ಅಷ್ಟು ಸಾಕಾಯಿತು.

1965ರ ಜುಲೈ 9, ಶುಕ್ರವಾರ. ಬೆಳಗ್ಗೆ ಹತ್ತಕ್ಕೆ ಕೆಲಸ ಶುರು. ರಾತ್ರಿ ಹತ್ತಕ್ಕೆ ನಿಲ್ಲಿಸಿದರು, ಯಾಕೆಂದರೆ ವಾದ್ಯದವರಿಗೆ ಊರಿನ ಕ್ಲಬ್ಬುಗಳಲ್ಲಿ ನುಡಿಸುವುದಿತ್ತು. ಅದನ್ನು ಮುಗಿಸಿ ರಾತ್ರಿ ಎರಡಕ್ಕೆ ವಾಪಸ್ ಬಂದರು. ಮರುದಿನ ಮಧ್ಯಾಹ್ನಕ್ಕೆ ಆಲ್ಬಂ ಮುಗಿದಿತ್ತು. ಹನ್ನೊಂದು ಹಾಡು. ಓಟಿಸ್‌ಗೆ ಆಗ 23 ವರ್ಷ.

ಅವರಿಗೆ ಸ್ವರಲಿಪಿ ಬರೆದುಕೊಡುವ ಅಭ್ಯಾಸ ಇರಲಿಲ್ಲ. ಟ್ರಂಪೆಟ್‌ನ ವೇಯ್ನ್ ಜಾಕ್ಸನ್, ಸ್ಯಾಕ್ಸೊಫೋನ್‌ನ ಆಂಡ್ರ್ಯೂ ಲವ್ ಇವರ ಎದುರು ನಿಂತು ಬಾಯಲ್ಲೇ ಗುನುಗಿ ತೋರಿಸುತ್ತಿದ್ದರು. ನೀವು ಹೀಗೆ, ನೀವು ಹೀಗೆ. ಅವರು ಕೇಳಿಸಿಕೊಂಡು ಹಾಗೇ ಊದುತ್ತಿದ್ದರು. ನಮ್ಮ ಸಂಗೀತ ಪಾಠವೂ ಹೀಗೇ ಅಲ್ವಾ? ಮೇಷ್ಟ್ರು ಹಾಡುತ್ತಾರೆ, ನಾವು ಹಿಂದೆ ಹಾಡುತ್ತೇವೆ. ಸ್ಯಾಕ್ಸೊಫೋನ್ ಎಂದರೆ ನನಗೆ ಮೊದಲು ನೆನಪಾಗುವುದು ಕದ್ರಿ ಗೋಪಾಲನಾಥ್. ಅವರ ಊದುವಿಕೆಯಲ್ಲೂ ನನಗೆ ಕೇಳಿಸುವುದು ಹಾಡುವ ಬಾಯಿಯೇ. ಈ ವಿಷಯ ಮೊದಲ ಸಲ ಓದಿದ ದಿನ ಮಾವನ ಪಾಂ ಪಪ್ಪಾಂ ನೆನಪಾಗಿ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ. ಗಡ್ಡಕ್ಕೆ ನೊರೆ ಹಚ್ಚಿಕೊಂಡು ಮಾವ ಮಾಡುತ್ತಿದ್ದದ್ದು ಆ ಹಾಡಿನ ನಕಲು ಅಲ್ಲ. ಆ ಹಾಡು ಹುಟ್ಟಿದ್ದೇ ಹಾಗೆ.

'ಐ ಹ್ಯಾವ್ ಬೀನ್ ಲವಿಂಗ್ ಯೂ ಟೂ ಲಾಂಗ್' ಹಾಕಿ ನೋಡಿ. ಓಟಿಸ್ ಒಂದು ಸಾಲು ಎಳೆದು ನಿಲ್ಲಿಸುತ್ತಾರೆ. ಆಗ ಟ್ರಂಪೆಟ್, ಸ್ಯಾಕ್ಸೊಫೋನ್ ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಹೆಜ್ಜೆ ಮೇಲೆ ಬರುತ್ತವೆ. ಓಟಿಸ್ ಇನ್ನೂ ಸುಮ್ಮನಿರುತ್ತಾರೆ. ಕೊನೆಯ ಮೆಟ್ಟಿಲಿಗೆ ಬಂದಾಗ ಮತ್ತೆ ದನಿ ತೆಗೆಯುತ್ತಾರೆ, ಈ ಸಲ ಒಡೆದ ದನಿ. ಪ್ರೀತಿ ಬಿಡಲಾಗದ ಮನುಷ್ಯನ ಬೇಡಿಕೆ ಇದು. ನನ್ನ ಮಟ್ಟಿಗೆ ಆ ದಶಕದ ಯಾವ ಹಾಡೂ ಇದಕ್ಕಿಂತ ಹತ್ತಿರ ಬರುವುದಿಲ್ಲ.

ರಾಕ್, ಬ್ಲೂಸ್, ಸೋಲ್, ಫೋಕ್ ಎಂದು ನಾವು ಅಂಗಡಿಯ ಗೂಡುಗಳ ಹಾಗೆ ಬೇರೆ ಬೇರೆ ಇಡುತ್ತೇವೆ. ಈ ಕೋಣೆಯಲ್ಲಿ ಆ ಗೂಡುಗಳಿಗೆ ಗೋಡೆ ಇರಲಿಲ್ಲ. ಈ ಆಲ್ಬಂನಲ್ಲಿ ಬಿ.ಬಿ. ಕಿಂಗ್ ಅವರ ಬ್ಲೂಸ್ ಇದೆ. ರೋಲಿಂಗ್ ಸ್ಟೋನ್ಸ್‌ನ 'ಸ್ಯಾಟಿಸ್ಫ್ಯಾಕ್ಷನ್' ಇದೆ. ಆ ಹಾಡು ಅಮೆರಿಕದಲ್ಲಿ ಬಂದು ಸುಮಾರು ಒಂದು ತಿಂಗಳಾಗಿತ್ತಷ್ಟೇ, ಇಂಗ್ಲೆಂಡಿನಲ್ಲಿ ಇನ್ನೂ ಬಿಡುಗಡೆಯೇ ಆಗಿರಲಿಲ್ಲ. ಓಟಿಸ್‌ಗೆ ಅದು ಗೊತ್ತಿರಲಿಲ್ಲ, ಹಾಡಿಸಬೇಕೆಂದು ಹೊಳೆದದ್ದು ಕ್ರಾಪರ್‌ಗೆ. ಓಟಿಸ್ ಸಾಲುಗಳನ್ನು ತಮಗೆ ಬೇಕಾದ ಹಾಗೆ ಬಿಟ್ಟು, ಸೇರಿಸಿ ಹಾಡಿದರು. ಅದರ ಶುರುವಿನ ಆ ಗಿಟಾರ್ ಸುರುಳಿಯನ್ನು ಕಟ್ಟಿದ ಕೀತ್ ರಿಚರ್ಡ್ಸ್ ತಲೆಯಲ್ಲಿ ಮೊದಲು ಇದ್ದದ್ದು ಊದುವ ವಾದ್ಯಗಳಂತೆ. ಗಿಟಾರ್ ಸುಮ್ನೆ ಜಾಗ ಹಿಡಿಯಲು ಇಟ್ಟದ್ದು. ಅವರು ಮನಸ್ಸಿನಲ್ಲಿ ಕೇಳಿದ್ದನ್ನು ಮೆಂಫಿಸ್‌ನವರು ಊದಿಬಿಟ್ಟರು.

ಇನ್ನು ಸ್ಯಾಮ್ ಕುಕ್. 1964ರ ಡಿಸೆಂಬರ್‌ನಲ್ಲಿ ಗುಂಡೇಟಿಗೆ ಸತ್ತರು, ಓಟಿಸ್‌ಗೆ ಅವರು ದೇವರ ಸಮ. ಈ ಆಲ್ಬಂನಲ್ಲಿ ಅವರ ಮೂರು ಹಾಡುಗಳಿವೆ. ಒಂದು 'ಎ ಚೇಂಜ್ ಈಸ್ ಗಾನ ಕಮ್'. 1963ರಲ್ಲಿ ಬಾಬ್ ಡಿಲನ್ ಅವರ 'ಬ್ಲೋಯಿಂಗ್ ಇನ್ ದಿ ವಿಂಡ್' ಕೇಳಿ, ಒಬ್ಬ ಬಿಳಿ ಹುಡುಗ ಬರೆದದ್ದನ್ನು ನಾನು ಬರೆಯಲಿಲ್ಲವಲ್ಲ ಎಂದು ಕುಕ್‌ಗೆ ಚುಚ್ಚಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಬಣ್ಣದ ಕಾರಣಕ್ಕೆ ಅವರಿಗೆ ಮೋಟೆಲ್ ಕೋಣೆ ಸಿಗಲಿಲ್ಲ, ಜಗಳವಾಡಿದ್ದಕ್ಕೆ ಪೊಲೀಸರು ಹಿಡಿದರು. ಇವೆಲ್ಲ ಸೇರಿ ಆ ಹಾಡು ಬಂತು. ಆದರೆ ಡಿಲನ್ ಹಾಡಿನ ಧಾಟಿ ಎಲ್ಲಿಂದ ಬಂತು ಗೊತ್ತಾ? ಗುಲಾಮಗಿರಿ ಕಾಲದ ಕಪ್ಪು ಜನರ ಒಂದು ಹಳೆಯ ಹಾಡಿನಿಂದ. ಅವರದ್ದೇ ಹಾಡು ಡಿಲನ್ ಗಿಟಾರ್ ಸುತ್ತಿ, ಕುಕ್ ಮನಸ್ಸಿಗೆ ನಾಟಿ, ಓಟಿಸ್ ಗಂಟಲಿಗೆ ಬಂತು.

1965ರ ಮಾರ್ಚ್‌ನಲ್ಲಿ ಅಲಬಾಮಾದ ಸೆಲ್ಮಾ ಊರಿನ ಸೇತುವೆ ಮೇಲೆ ಕಪ್ಪು ಜನರ ಮತದ ಹಕ್ಕಿಗಾಗಿ ನಡೆದವರನ್ನು ಪೊಲೀಸರು ಹೊಡೆದಿದ್ದರು. ಮತದ ಹಕ್ಕಿನ ಕಾನೂನಿಗೆ ಸಹಿ ಬಿದ್ದದ್ದು ಆಗಸ್ಟ್ 6ಕ್ಕೆ. ಓಟಿಸ್ ಇದನ್ನು ಹಾಡಿದ್ದು ಎರಡರ ನಡುವೆ. ಕುಕ್ ಹಾಡಿದ್ದರಲ್ಲಿ ದೊಡ್ಡ ವಾದ್ಯವೃಂದ ಇದೆ, ಗಾಂಭೀರ್ಯ ಇದೆ. ಇಲ್ಲಿ ಅದಿಲ್ಲ. ದಣಿದ ಮನುಷ್ಯನೊಬ್ಬ ಬಾಗಿಲು ತಟ್ಟಿದ ಹಾಗಿದೆ.

ನನಗೆ ಇವತ್ತಿಗೂ ಸಿಟ್ಟು ಬರುವ ಒಂದು ವಿಷಯ. ಆಲ್ಬಂ ಮುಖಪುಟದಲ್ಲಿ ಓಟಿಸ್ ಇಲ್ಲ. ಹೊಂಬಣ್ಣದ ಕೂದಲಿನ ಬಿಳಿ ಹುಡುಗಿಯೊಬ್ಬಳ ಚಿತ್ರ ಇದೆ. ಮಾವನ ಕ್ಯಾಸೆಟ್‌ನ ನೀಲಿ ಇಂಕೇ ಅದಕ್ಕಿಂತ ಒಳ್ಳೆಯ ಮುಖಪುಟ.

1967ರ ಜೂನ್ 17ರ ರಾತ್ರಿ ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವದಲ್ಲಿ ಓಟಿಸ್ ಹಾಡಿದ ಐದು ಹಾಡುಗಳಲ್ಲಿ ನಾಲ್ಕು ಈ ಆಲ್ಬಂನವು. ಮರುದಿನ ಮಧ್ಯಾಹ್ನ ಅದೇ ವೇದಿಕೆ ಮೇಲೆ ರವಿಶಂಕರ್ ಸಿತಾರ್ ನುಡಿಸಿದರು. ಅದಾಗಿ ಆರು ತಿಂಗಳೂ ಕಳೆದಿರಲಿಲ್ಲ. ಡಿಸೆಂಬರ್ 10ರಂದು ಓಟಿಸ್ ಇದ್ದ ವಿಮಾನ ವಿಸ್ಕಾನ್ಸಿನ್‌ನ ಮೊನೋನಾ ಸರೋವರಕ್ಕೆ ಬಿತ್ತು. 26 ವರ್ಷ.

ಮ್ಯೂಸಿಯಂನಿಂದ ಹೊರಗೆ ಬಂದು ಕಾರಿನಲ್ಲಿ ಕೂತು ಮಾವನಿಗೆ ಫೋನ್ ಮಾಡಿದೆ. ಇಲ್ಲಿ ಮಧ್ಯಾಹ್ನ ಹನ್ನೆರಡು, ಮೈಸೂರಿನಲ್ಲಿ ರಾತ್ರಿ ಹತ್ತೂವರೆ.

"ಮಾವ, ನಾನು ಓಟಿಸ್ ಸ್ಟುಡಿಯೋ ಮುಂದೆ ಇದ್ದೇನೆ."

"ನಿಜವಾಗ್ಲೂನಾ ಪುಟ್ಟಿ? ಹೇಗಿದೆ?"

"ನೆಲ ಇಳಿಜಾರು ಮಾವ. ಟಾಕೀಸ್ ಥರ."

ಸ್ವಲ್ಪ ಹೊತ್ತು ಸುಮ್ಮನಿದ್ದು ಮಾವ ಕೇಳಿದರು, "ಆ ಕೊನೇ ಹಾಡು ಇದೆಯಾ ನಿನ್ನ ಹತ್ರ? ಪೂರ್ತಿ?"

ಆ ಹಾಡು 'ಯೂ ಡೋಂಟ್ ಮಿಸ್ ಯುವರ್ ವಾಟರ್'. ಇದೇ ಸ್ಟ್ಯಾಕ್ಸ್‌ನ ವಿಲಿಯಂ ಬೆಲ್ ಬರೆದದ್ದು. ಬಾವಿ ಬತ್ತುವ ತನಕ ನೀರಿನ ಬೆಲೆ ತಿಳಿಯಲಿಲ್ಲ ಎನ್ನುವ ಹಾಡು. ಈಗ ಫೋನಿನಲ್ಲಿ ಎಲ್ಲ ಸಿಗುತ್ತದೆ, ಆದರೂ ಮಾವ ಅದನ್ನು ಹುಡುಕಿಕೊಂಡು ಹೋಗಿಲ್ಲ. ಅವರಿಗೆ ಆ ಕ್ಯಾಸೆಟ್ಟೇ ಆ ಆಲ್ಬಂ.

ನಾನು ಕಾರಿನ ಸ್ಪೀಕರ್‌ನಲ್ಲಿ ಹಾಡು ಹಾಕಿ ಫೋನನ್ನು ಹತ್ತಿರ ಹಿಡಿದೆ. ಆ ಕಡೆಯಿಂದ ಮಾವ ಟ್ರಂಪೆಟ್ ಜೊತೆ ಗುನುಗಲು ಶುರು ಮಾಡಿದರು. ದನಿಗೆ ವಯಸ್ಸಾಗಿದೆ, ತಾಳ ಮಾತ್ರ ಹಾಗೇ ಇದೆ. ಅರ್ಧಕ್ಕೆ ಬಂದಾಗ, ಕ್ಯಾಸೆಟ್ ನಿಲ್ಲುತ್ತಿದ್ದ ಆ ಜಾಗದಲ್ಲೇ, ಅವರೂ ಟಕ್ ಎಂದು ನಿಲ್ಲಿಸಿದರು. ಹಾಡು ಮುಂದುವರಿಯಿತು. ಒಂದು ಸಾಲು ಹೋಯಿತು, ಇನ್ನೊಂದು ಸಾಲು ಹೋಯಿತು. ನಾನು ಏನೂ ಹೇಳಲಿಲ್ಲ. ಆಮೇಲೆ ನಿಧಾನಕ್ಕೆ, ದಾರಿ ತಡಕಿಕೊಂಡು ಬಂದ ಹಾಗೆ, ಮಾವನ ಪಾಂ ಪಪ್ಪಾಂ ಮತ್ತೆ ಶುರುವಾಯಿತು.