ಹಸಿರು ಟಿಕ್ ಬಿಡಿ, ಗಡಿ ನಡೆದವರು ಯಾರು ಹೇಳಿ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ಬರೆದಿಟ್ಟಿದ್ದೆ. ಆದರೆ ಯುರೋಪಿನ ಅರಣ್ಯನಾಶ ತಡೆ ಕಾನೂನು ಇಯುಡಿಆರ್ ಬಗ್ಗೆ ಮಾಡಿದ ಕಳೆದ ವಿಡಿಯೋಗೆ ಬಂದ ಒಂದು ಕಾಮೆಂಟ್ ಎರಡು ದಿನದಿಂದ ತಲೆಯಲ್ಲೇ ಕೂತಿದೆ. ಓದುತ್ತೇನೆ, ಕೇಳಿ. "ಮೇಡಂ, ಇಯುಡಿಆರ್‌ಗೆ ಇಷ್ಟು ಯಾಕೆ ತಲೆ ಕೆಡಿಸ್ಕೊಳ್ತೀರಿ? ಒಂದು ಒಳ್ಳೇ ಸಾಫ್ಟ್‌ವೇರ್ ತಗೊಂಡ್ರೆ ಆಯ್ತು. ಒಂದೇ ಕ್ಲಿಕ್."

ಒಂದೇ ಕ್ಲಿಕ್!

ಹೋದ ತಿಂಗಳು ಇಂಥದ್ದೇ ಒಂದು ಸಾಫ್ಟ್‌ವೇರ್ ಡೆಮೊಗೆ ಕೂತಿದ್ದೆ. ಯಾವ ಕಂಪನಿ ಅಂತ ಹೇಳುವುದಿಲ್ಲ. ಸ್ಕ್ರೀನ್ ತುಂಬಾ ನಕ್ಷೆ, ನಕ್ಷೆ ತುಂಬಾ ತೋಟಗಳು, ಒಂದೊಂದು ತೋಟಕ್ಕೂ "ಇಲ್ಲಿ ಕಾಡು ಕಡಿದಿಲ್ಲ" ಅನ್ನುವ ಹಸಿರು ಟಿಕ್. ನಾನು ಕೇಳಿದ್ದು ಒಂದೇ ಪ್ರಶ್ನೆ. "ಈ ತೋಟದ ಗಡಿ ನಡೆದು ಗುರುತು ಮಾಡಿದವರು ಯಾರು?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ "ಅದು ಸಪ್ಲೈಯರ್ ಅಪ್‌ಲೋಡ್ ಮಾಡಿದ ಡೇಟಾ ಮೇಡಂ" ಅಂದರು. ಸಪ್ಲೈಯರ್‌ಗೆ ಯಾರು ಕೊಟ್ಟರು? ಗೊತ್ತಿಲ್ಲ. ಯಾವಾಗ ಅಳೆದದ್ದು? ಗೊತ್ತಿಲ್ಲ. ಮುಂದಿನ ಸ್ಲೈಡ್.

ಹೊಸಬರಿಗಾಗಿ ಬೇಗ ಹೇಳಿಬಿಡುತ್ತೇನೆ. ಇಯುಡಿಆರ್ ಅಂದರೆ ಯುರೋಪಿಯನ್ ಒಕ್ಕೂಟದ ಅರಣ್ಯನಾಶ ತಡೆ ಕಾನೂನು, 2023ರದ್ದು. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ. ಈ ಏಳು ಸರಕು ಮತ್ತು ಇವುಗಳಿಂದ ಆಗುವ ಚಾಕೊಲೇಟ್, ಚರ್ಮ, ಟೈರ್, ಪೀಠೋಪಕರಣದಂಥ ವಸ್ತುಗಳು ಇದರೊಳಗೆ ಬರುತ್ತವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದದ್ದನ್ನು ಯುರೋಪಿನಲ್ಲಿ ಮಾರುವಂತಿಲ್ಲ. ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಕೊಡಬೇಕು. ದಶಾಂಶದ ನಂತರ ಕನಿಷ್ಠ ಆರು ಅಂಕಿ ಇರಬೇಕು. ದನದ ವಿಷಯ ಬಿಟ್ಟರೆ, 4 ಹೆಕ್ಟೇರ್‌ಗಿಂತ ದೊಡ್ಡ ಜಾಗಕ್ಕೆ ಒಂದು ಚುಕ್ಕೆ ಸಾಲದು, ಸುತ್ತಲಿನ ಇಡೀ ಗಡಿ ಬೇಕು. ಅದನ್ನೇ ಪಾಲಿಗಾನ್ ಅನ್ನುತ್ತಾರೆ. ತಪ್ಪಿದರೆ ದಂಡ. ಆ ದಂಡದ ಗರಿಷ್ಠ ಮಿತಿ ಕಂಪನಿಯ ಯುರೋಪ್ ವಾರ್ಷಿಕ ವಹಿವಾಟಿನ ಶೇ. 4ಕ್ಕಿಂತ ಕಡಿಮೆ ಇರುವಂತಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ಒಂದು ಲೆಕ್ಕ ಕೊಟ್ಟಿದೆ. 1990ರಿಂದ 2020ರ ನಡುವೆ ಜಗತ್ತು ಕಳೆದುಕೊಂಡ ಕಾಡು 42 ಕೋಟಿ ಹೆಕ್ಟೇರ್. ಇಡೀ ಭಾರತಕ್ಕಿಂತ ದೊಡ್ಡದು. ಈ ಕಾನೂನು ಕಾಗದದ ಮೇಲಿನ ಆಟ ಆಗಬಾರದು ಅಂತ ನನಗೆ ಹೊಟ್ಟೆಯಲ್ಲಿ ಸಂಕಟ ಇದೆ. ಅದಕ್ಕೇ ಈ ವಿಡಿಯೋ.

ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಕೇಳಬೇಕಾದದ್ದು ಒಂದೇ. ಗಡಿ ನಡೆದವರು ಯಾರು? ಡ್ಯಾಶ್‌ಬೋರ್ಡ್ ಬಣ್ಣ ಆಮೇಲೆ. ಎಐ ಆಮೇಲೆ. ಮೊದಲು ಗಡಿ.

ಒಂದು ಉದಾಹರಣೆ ಕೊಡುತ್ತೇನೆ. ಯುರೋಪಿನ ಕಂಪ್ಯೂಟರ್ ವ್ಯವಸ್ಥೆಗೆ ತೋಟದ ಗಡಿಗಳನ್ನು ಕಳಿಸುವುದು ಜಿಯೋಜೇಸನ್ ಅನ್ನುವ ಫೈಲ್‌ನಲ್ಲಿ. ಅದರಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನಾವು ಬಾಯಲ್ಲಿ ಹೇಳುವುದು ಉಲ್ಟಾ ಅಲ್ವಾ? ಹಾಗಾಗಿ ಎಕ್ಸೆಲ್ ಶೀಟಿನಿಂದ ಎತ್ತಿ ಹಾಕುವಾಗ ಎರಡು ಕಾಲಂ ಅದಲುಬದಲಾಗುವುದು ತೀರಾ ಮಾಮೂಲಿ. ಘಾನಾದ ಕುಮಾಸಿ ಸುತ್ತಮುತ್ತಲಿನ ಒಂದು ಕೋಕೋ ತೋಟ ಅಂದುಕೊಳ್ಳಿ. ಅಂಕಿ ಅದಲುಬದಲಾದರೆ ಆ ತೋಟ ಗಿನಿ ಕೊಲ್ಲಿಯ ನೀರಲ್ಲಿ ಹೋಗಿ ಕೂರುತ್ತದೆ. ಈಗ ಸ್ಯಾಟಲೈಟ್ ಚಿತ್ರದ ಜೊತೆ ಹೋಲಿಸಿ. ಸಮುದ್ರದಲ್ಲಿ ಕಾಡು ಕಡಿದಿದ್ದಾರಾ? ಇಲ್ಲ. ಗಡಿಯನ್ನು ಪರೀಕ್ಷೆ ಮಾಡದ ಸಾಫ್ಟ್‌ವೇರ್ ಏನು ಕೊಡುತ್ತದೆ? ಹಸಿರು ಟಿಕ್! ಮೇಲೆ ಥಳಕು, ಒಳಗೆ ಹುಳುಕು ಅಂದರೆ ಇದೇ.

ಸಮುದ್ರಕ್ಕೆ ಬಿದ್ದರೆ ಕಣ್ಣಿಗಾದರೂ ಕಾಣುತ್ತದೆ. ಐವತ್ತು ಮೀಟರ್ ಸರಿದರೆ ಯಾರಿಗೆ ಕಾಣುತ್ತದೆ? ಆರು ಅಂಕಿ ಅಂದರೆ ಹೆಚ್ಚುಕಡಿಮೆ 11 ಸೆಂಟಿಮೀಟರ್ ಲೆಕ್ಕ. ನಾಲ್ಕೇ ಅಂಕಿ ಇದ್ದರೆ 11 ಮೀಟರ್. ನಾಲ್ಕು ಅಂಕಿ ಬರೆದುಕೊಂಡು ಬಂದು, ಕೊನೆಗೆ ಎರಡು ಸೊನ್ನೆ ಸೇರಿಸಿ ಕಳಿಸಿದರೆ ಫೈಲ್ ಒಳಗೆ ಹೋಗುತ್ತದೆ. ಆದರೆ ಅದು ಅಳತೆ ಅಲ್ಲ, ಸುಳ್ಳು. ದಟ್ಟ ಮರದ ಕೆಳಗೆ ಮೊಬೈಲ್ ಜಿಪಿಎಸ್ ಹಲವು ಮೀಟರ್ ಅತ್ತಿತ್ತ ಆಗುತ್ತದೆ, ಅದು ಬೇರೆ. ಹಾಗಾಗಿ ಪ್ರತಿ ಗಡಿಯ ಜೊತೆ ಯಾರು ಅಳೆದರು, ಯಾವ ದಿನ, ಯಾವ ಸಾಧನದಲ್ಲಿ, ಎಷ್ಟು ವ್ಯತ್ಯಾಸ ಇರಬಹುದು ಅಂತ ಬರೆದಿಡುವ ಸಾಫ್ಟ್‌ವೇರ್ ಬೇಕು. ನೆಟ್‌ವರ್ಕ್ ಇಲ್ಲದ ಕಡೆಯೂ ನಡೆದು ಅಳೆಯಲು ಆಗಬೇಕು. ಒಂದೇ ಜಾಗವನ್ನು ಇಬ್ಬರು ರೈತರ ಹೆಸರಲ್ಲಿ ಹಾಕಿದರೆ ಹಿಡಿಯಬೇಕು. ಒಂದು ಹೆಕ್ಟೇರ್ ತೋಟದಿಂದ ಐದು ಟನ್ ಕೋಕೋ ಬಂದಿದೆ ಅಂತ ಯಾರಾದರೂ ಬರೆದರೆ ಅಲ್ಲೇ ನಿಲ್ಲಿಸಬೇಕು. ಸಾಮಾನ್ಯ ತೋಟದಲ್ಲಿ ಅಷ್ಟು ಬೆಳೆಯುವುದಿಲ್ಲ. ಬೇರೆ ಎಲ್ಲಿಂದಲೋ ಬಂದ ಮಾಲು ಆ ತೋಟದ ಹೆಸರಲ್ಲಿ ಸೇರಿಕೊಂಡಿದೆಯಾ ಅಂತ ಅನುಮಾನ ಪಡಬೇಕು.

ಅಂದಹಾಗೆ, ಡೆಮೊಗೆ ಹೋಗುವವರಿಗೆ ಅಂತ ನಾನು ಒಂದು ಪುಟದ ಪ್ರಶ್ನೆಪಟ್ಟಿ ಮಾಡಿದ್ದೇನೆ. ಕೆಳಗೆ ಡಿಸ್ಕ್ರಿಪ್ಶನ್‌ನಲ್ಲಿದೆ, ಪುಕ್ಕಟೆ. ಮೊದಲ ಪ್ರಶ್ನೆ ಯಾವುದು ಅಂತ ನಿಮಗೆ ಈಗಾಗಲೇ ಗೊತ್ತಾಗಿರುತ್ತದೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದರೆ ಮಾಡಿ.

ಈಗ ಸ್ಯಾಟಲೈಟ್ ವಾದ. "ಮೇಲಿಂದ ಎಲ್ಲ ಕಾಣುತ್ತೆ, ನಡೆಯುವುದು ಯಾಕೆ?" ಅಂತ ಕೇಳುತ್ತಾರೆ. ಕಾಣುವುದಿಲ್ಲ ಸ್ವಾಮಿ! ಈ ಕಾನೂನಿನ ಪ್ರಕಾರ ಕಾಡು ಅಂದರೆ ಅರ್ಧ ಹೆಕ್ಟೇರ್‌ಗಿಂತ ಜಾಸ್ತಿ ಜಾಗ, 5 ಮೀಟರ್‌ಗಿಂತ ಎತ್ತರದ ಮರ, ಶೇ. 10ಕ್ಕಿಂತ ಹೆಚ್ಚು ನೆರಳಿನ ಹೊದಿಕೆ. ಆದರೆ ಮುಖ್ಯವಾಗಿ ಬೇಸಾಯಕ್ಕೆ ಬಳಸುವ ನೆಲ ಕಾಡಲ್ಲ. ಮರದ ನೆರಳಲ್ಲಿ ಬೆಳೆದ ಕಾಫಿ, ಕೋಕೋ ತೋಟ ಮೇಲಿನಿಂದ ಹೇಗೆ ಕಾಣುತ್ತದೆ? ಕಾಡಿನ ಹಾಗೇ. ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್‌ನ ಸಂಶೋಧನಾ ಕೇಂದ್ರವೇ 2020ರ ಜಾಗತಿಕ ಕಾಡಿನ ನಕ್ಷೆ ಮಾಡಿದೆ, ಒಂದೊಂದು ಚುಕ್ಕೆಗೆ 10 ಮೀಟರ್ ಲೆಕ್ಕದಲ್ಲಿ. ಅದಕ್ಕೂ ಕಾನೂನಿನ ಬಲ ಇಲ್ಲ, ಅದೊಂದು ನೆರವು ಮಾತ್ರ ಅಂತ ಅವರೇ ಹೇಳಿದ್ದಾರೆ. ನಕ್ಷೆಯಲ್ಲಿ ಕಾಡು ಅಂತ ಗುರುತಾದ ಹಳೇ ತೋಟದಲ್ಲಿ ರೈತ ನಾಲ್ಕು ನೆರಳಿನ ಮರ ತೆಗೆದರೆ ಸಾಕು, ಕೆಂಪು ದೀಪ. ತಲೆತಲಾಂತರದಿಂದ ಬೇಸಾಯ ಮಾಡಿದವನು ಕಾಡುಗಳ್ಳ ಆಗಿಬಿಡುತ್ತಾನೆ! ಅವನ ಪರವಾಗಿ ಸಾಕ್ಷಿ ಹೇಳುವವರು ಯಾರು? ಆ ಗಡಿ ನಡೆದು, ಫೋಟೋ ತೆಗೆದು, ಪಕ್ಕದ ಜಮೀನಿನವರನ್ನು ಮಾತಾಡಿಸಿ ಬಂದವರು ಮಾತ್ರ.

ಸ್ಯಾಟಲೈಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು. ಆದರೆ ಅದಕ್ಕಾಗಿಯೇ ಇಷ್ಟೊಂದು ದುಡ್ಡು ಕೊಡಬೇಕಾಗಿಲ್ಲ. ಎಫ್‌ಎಒ ಕಡೆಯಿಂದ ವಿಸ್ಪ್ ಅನ್ನುವ ಸಾಧನ ಇದೆ, ಓಪನ್ ಸೋರ್ಸ್. ಗಡಿ ಕೊಟ್ಟರೆ ಹಲವು ನಕ್ಷೆಗಳನ್ನು ಒಟ್ಟಿಗೆ ನೋಡಿ ಯಾವುದು ಏನು ಹೇಳುತ್ತದೆ ಅಂತ ತೋರಿಸುತ್ತದೆ. ಯುರೋಪಿನ ಸೆಂಟಿನೆಲ್ ಸ್ಯಾಟಲೈಟ್ ಚಿತ್ರಗಳೂ ಪುಕ್ಕಟೆ. ಹಾಗಾದರೆ ಆ ಹಸಿರು ಟಿಕ್‌ಗೆ ವರ್ಷಕ್ಕೆ ಅಷ್ಟು ಲೈಸೆನ್ಸ್ ದುಡ್ಡು ಯಾಕೆ? ಆ ದುಡ್ಡನ್ನು ನಡೆಯುವವರಿಗೆ ಕೊಡಿ.

ಇನ್ನೊಂದು ಸಮಜಾಯಿಷಿ ಇದೆ. "ನಮ್ಮದು ಲೋ ರಿಸ್ಕ್ ದೇಶ." ಅಂದರೆ ಅರಣ್ಯನಾಶದ ಅಪಾಯ ಕಡಿಮೆ ಇರುವ ದೇಶ. 2025ರ ಮೇ ತಿಂಗಳಲ್ಲಿ ಕಮಿಷನ್ ದೇಶಗಳ ಪಟ್ಟಿ ಮಾಡಿತು ನಿಜ. ಹೈ ರಿಸ್ಕ್ ಅಂತ ಗುರುತಿಸಿದ್ದು ನಾಲ್ಕೇ ದೇಶ: ರಷ್ಯಾ, ಬೆಲಾರುಸ್, ಉತ್ತರ ಕೊರಿಯಾ, ಮ್ಯಾನ್ಮಾರ್. ಭಾರತ ಲೋ ರಿಸ್ಕ್ ಪಟ್ಟಿಯಲ್ಲಿದೆ. ಅದರಿಂದ ಏನಾಯಿತು? ಅಪಾಯದ ಲೆಕ್ಕಾಚಾರ ಬಿಟ್ಟಿದ್ದಾರೆ ಅಷ್ಟೇ. ಸ್ವಂತ ಬೆಳೆಯನ್ನೇ ಮಾರುವ ಸಣ್ಣವರನ್ನು ಬಿಟ್ಟರೆ ಯಾರಿಗೂ ಜಾಗದ ಅಕ್ಷಾಂಶ ರೇಖಾಂಶ ಬಿಟ್ಟಿಲ್ಲ. ಬೆಳೆದ ಜಾಗ ತೋರಿಸಲೇಬೇಕು. ಅಲ್ಲಿಗೆ ಮತ್ತೆ ಅದೇ ಪ್ರಶ್ನೆ.

"ನಮ್ಮ ಹತ್ತಿರ ಸರ್ಟಿಫಿಕೇಟ್ ಇದೆ" ಅನ್ನುವವರಿಗೂ ಉತ್ತರ ಚಿಕ್ಕದು. ಸರ್ಟಿಫಿಕೇಟ್ ಪೂರಕ ಮಾಹಿತಿ ಆಗಬಹುದು, ನಿಮ್ಮ ಜವಾಬ್ದಾರಿಯನ್ನು ಅದು ಹೊರುವುದಿಲ್ಲ. ಸಾಫ್ಟ್‌ವೇರ್ ಕೂಡ ಹೊರುವುದಿಲ್ಲ. ಮಾಲು ಕಾನೂನಿಗೆ ಸರಿಯಾಗಿದೆ ಅನ್ನುವ ಹೇಳಿಕೆ ಸಲ್ಲಿಸಲು ಏಜೆಂಟ್ ಇಟ್ಟುಕೊಂಡರೂ ಹೊಣೆ ನಿಮ್ಮದೇ ಅಂತ ಕಾನೂನಿನಲ್ಲೇ ಬರೆದಿದೆ. ತನಿಖೆಗೆ ಬಂದ ಅಧಿಕಾರಿ ನಿಮ್ಮ ವೆಂಡರ್‌ನ ಕೇಳುವುದಿಲ್ಲ, ನಿಮ್ಮನ್ನು ಕೇಳುತ್ತಾರೆ.

ಇನ್ನು ಈ ಕಾನೂನು ಅನ್ವಯವಾಗುವ ಗಡುವು ಮುಂದೆ ಹೋಯಿತು ಅಂತ ಖುಷಿಪಡುವವರು. ಮೊದಲು 2024ರ ಡಿಸೆಂಬರ್ 30 ಇತ್ತು. ಒಂದು ವರ್ಷ ಮುಂದೆ ಹಾಕಿದರು. 2025ರ ಕೊನೆಯಲ್ಲಿ ಇನ್ನೊಂದು ವರ್ಷ. ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. ಎರಡನೇ ಸಲ ಮುಂದೆ ಹಾಕಲು ಕಮಿಷನ್ ಕೊಟ್ಟ ಕಾರಣ ಏನು ಗೊತ್ತಾ? ಅವರ ಕಂಪ್ಯೂಟರ್ ವ್ಯವಸ್ಥೆ ಅಷ್ಟು ಹೊರೆ ತಡೆಯುವುದಿಲ್ಲ ಅಂತ! ಇಡೀ ಯುರೋಪಿಗೇ ಸಾಫ್ಟ್‌ವೇರ್ ಕೈಕೊಡುತ್ತದೆ. ನಿಮಗೆ ಒಂದೇ ಕ್ಲಿಕ್‌ನಲ್ಲಿ ಆಗುತ್ತಾ?

ಕಂಪನಿಯವರೇ, ಸಿಕ್ಕ ಸಮಯದಲ್ಲಿ ಏನು ಮಾಡಿದಿರಿ? ಮೂರು ಸಾಫ್ಟ್‌ವೇರ್ ಹೋಲಿಸಿ ಪಿಪಿಟಿ ಮಾಡಿದಿರಿ. ಕೂಸು ಹುಟ್ಟುವ ಮುಂಚೆ ಕುಲಾವಿ. ಗಡಿ ಎಲ್ಲಿದೆ? ಒಬ್ಬರಾದರೂ ತೋಟಕ್ಕೆ ಹೋಗಿದ್ದಾರಾ?

ಆ ನೆಲ ಯಾರದು ಅಂತ ಮೇಲಿನಿಂದ ಕಾಣುತ್ತದಾ? ಕೂಲಿ ಕೊಟ್ಟಿದ್ದಾರಾ ಅಂತ ಕಾಣುತ್ತದಾ? ಭೂಮಿಯ ಹಕ್ಕು, ಕಾರ್ಮಿಕರ ಹಕ್ಕು, ತೆರಿಗೆ ಎಲ್ಲ ಇದೇ ಕಾನೂನಿನಲ್ಲಿ ಸೇರಿದೆ. ಹೋದವರಿಗೆ ಮಾತ್ರ ಗೊತ್ತಾಗುವುದು ಇದು. ಹೋಗಬೇಕು. ನಡೆಯಬೇಕು.

ಮತ್ತೆ ಅಳೆದ ಗಡಿಯ ಒಂದು ಪ್ರತಿ ರೈತನಿಗೂ ಕೊಡಿ ದಯವಿಟ್ಟು. ಅವನ ಜಮೀನು ಅದು. ಅವನ ಗಡಿಯನ್ನು ನಿಮ್ಮ ಸಾಫ್ಟ್‌ವೇರ್ ಒಳಗೆ ಬೀಗ ಹಾಕಿ ಇಟ್ಟುಕೊಂಡು, ನಾಳೆ ಬೇರೆಯವರಿಗೆ ಮಾಲು ಮಾರಲು ಅವನು ಮತ್ತೆ ಅಳೆಸಬೇಕು ಅಂದರೆ ಅದು ಅನ್ಯಾಯ. ಇದರ ಬಗ್ಗೆಯೇ ಒಂದು ಬೇರೆ ವಿಡಿಯೋ ಮಾಡುತ್ತೇನೆ, ಬೆಲ್ ಒತ್ತಿಟ್ಟುಕೊಳ್ಳಿ.

"ಲಕ್ಷಾಂತರ ಸಣ್ಣ ರೈತರು ಮೇಡಂ, ಎಲ್ಲರ ತೋಟ ಯಾರು ನಡೆಯುತ್ತಾರೆ?" ಅಂತ ಇನ್ನೊಬ್ಬರು ಕೇಳಿದ್ದಾರೆ. ಅವರ ಮಾಲು ಕೊಳ್ಳುವಾಗ ಲಕ್ಷಾಂತರ ಜನ ಅಂತ ಅನ್ನಿಸಲಿಲ್ಲ ಅಲ್ವಾ? ಮೂಟೆ ಎಣಿಸಲು ಜನ ಇದ್ದಾರೆ. ಹಾಗಾದರೆ ಗಡಿ ನಡೆಯಲೂ ಜನ ಸಿಗುತ್ತಾರೆ. ಸುಮ್ನೆ ನೆಪ ಹೇಳಬೇಡಿ!

ಸ್ಕ್ರಿಪ್ಟ್‌ನಲ್ಲಿ ಇನ್ನೂ ಎರಡು ಪುಟ ಇದೆ, ಬೆಲೆ ಹೋಲಿಕೆ, ಯಾವ ಸಿಸ್ಟಂ ಜೊತೆ ಯಾವುದು ಜೋಡಿಸಬಹುದು ಅಂತೆಲ್ಲ. ಅದನ್ನು ಓದುವುದಿಲ್ಲ. ಬರುವ ಗುರುವಾರ ನನಗೆ ಇನ್ನೊಂದು ಡೆಮೊ ಇದೆ. ಅಲ್ಲೂ ನಕ್ಷೆ ತೋರಿಸುತ್ತಾರೆ, ಅಲ್ಲೂ ಹಸಿರು ಟಿಕ್ ಇರುತ್ತದೆ. ಒಂದು ತೋಟದ ಮೇಲೆ ಬೆರಳಿಟ್ಟು ಕೇಳುತ್ತೇನೆ. ಹೆಸರು ಹೇಳಿದರೆ, ಆ ಗಡಿ ನಡೆದವರ ಹತ್ತಿರವೇ ಫೋನ್‌ನಲ್ಲಿ ಮಾತಾಡಿಸಿ ಅನ್ನುತ್ತೇನೆ. ಮಾತಾಡಿಸಿದರೆ ಬಂದು ನಿಮಗೆ ಹೇಳುತ್ತೇನೆ.